ಡಿಕಾಕ್ಷನ್ ಇಳಿಯುವಷ್ಟು ಹೊತ್ತು: ಬೆಂಗಳೂರಿನ ದಿನಚರಿಯೊಳಗೇ ನೆಮ್ಮದಿಗೆ ಜಾಗ ಮಾಡಿಕೊಳ್ಳುವ ಬಗೆ

ಜನವರಿ ಒಂದಕ್ಕೋ ಯುಗಾದಿಗೋ ಬರೆದಿಡುವ ಪಟ್ಟಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ಬೆಳಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ಯೋಗ, ಅರ್ಧ ಗಂಟೆ ಧ್ಯಾನ, ಮಲಗುವ ಮುಂಚೆ ಪುಸ್ತಕ. ಹತ್ತನೇ ದಿನಕ್ಕೆ ಯೋಗದ ಮ್ಯಾಟು ಮಂಚದ ಕೆಳಗೆ ಸೇರಿರುತ್ತದೆ. ಸೋಮಾರಿ ಎಂದು ತಮ್ಮನ್ನೇ ಬೈದುಕೊಳ್ಳುವವರು ಒಂದು ಲೆಕ್ಕ ಮರೆತಿರುತ್ತಾರೆ: ಆ ಎರಡು ಗಂಟೆಯನ್ನು ಎಲ್ಲಿಂದ ತರುವುದು? ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಆಫೀಸು ಎಂದರೆ ಮೆಟ್ರೋದಲ್ಲಿ ಹೋದರೂ ಬಾಗಿಲಿಂದ ಬಾಗಿಲಿಗೆ ಹೋಗಿಬರಲು ಮೂರು ಗಂಟೆ ಹತ್ತಿರ ಬೇಕು. ಸಿಲ್ಕ್ ಬೋರ್ಡ್ ಕಡೆಯವರ ಪಾಡು ಕೇಳುವುದೇ ಬೇಡ.

ಹಾಗಾಗಿ ಈ ಮಾರ್ಗದರ್ಶಿ ಹೊಸ ಗಂಟೆಗಳನ್ನು ಕೇಳುವುದಿಲ್ಲ. ದಿನವೂ ತಪ್ಪದೆ ನಡೆಯುವ ಕೆಲಸಗಳಿಗೆ ಒಂದೊಂದು ಚಿಕ್ಕ ಅಭ್ಯಾಸವನ್ನು ಗಂಟು ಹಾಕುವುದಷ್ಟೇ ಇಲ್ಲಿನ ದಾರಿ. ಒಟ್ಟು ನಾಲ್ಕೈದು ತಿಂಗಳ ಕೆಲಸ. ಒಂದು ಅಭ್ಯಾಸ ಕೂತ ಮೇಲೇ ಇನ್ನೊಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ಎಲ್ಲೆಡೆ ಕೇಳಿಬರುವ ‘21 ದಿನ’ದ ಮಾತನ್ನು ಇವತ್ತೇ ಬಿಟ್ಟುಬಿಡಿ. 22ನೇ ದಿನ ಕಷ್ಟವಾದಾಗ ನಿಮ್ಮಲ್ಲೇ ಏನೋ ಕೊರತೆ ಇದೆ ಅನ್ನಿಸುವುದು ಆ ಮಾತಿನಿಂದಲೇ.

ಮೊದಲ ಮೂರು ದಿನ: ಏನೂ ಬದಲಿಸಬೇಡಿ, ಬರೆಯಿರಿ

ಒಂದು ಹಾಳೆಯಲ್ಲಿ ಮೂರು ದಿನ ಇಷ್ಟನ್ನು ಗುರುತು ಮಾಡಿ: ಎದ್ದ ಹೊತ್ತು, ಫೋನ್ ಮೊದಲು ಕೈಗೆ ಬಂದ ಹೊತ್ತು, ಎಷ್ಟು ಕಾಫಿ, ಕೊನೆಯ ಕಾಫಿ ಯಾವಾಗ, ಮನೆ ಬಿಟ್ಟಿದ್ದು, ವಾಪಸ್ ಬಂದಿದ್ದು, ರಾತ್ರಿ ಊಟ, ದೀಪ ಆರಿಸಿದ್ದು. ಮೂರರಲ್ಲಿ ಒಂದು ದಿನ ಭಾನುವಾರವಾಗಿರಲಿ.

ಹಾಳೆ ಮುಂದಿಟ್ಟುಕೊಂಡು ದಿನವೂ ತಪ್ಪದೆ ನಡೆಯುವ ಕೆಲಸಗಳಿಗೆ ಗೆರೆ ಎಳೆಯಿರಿ. ಬಹುಪಾಲು ಮನೆಗಳಲ್ಲಿ ಸಿಗುವುದು ಇವು: ಡಿಕಾಕ್ಷನ್ ಹಾಕುವುದು, ಸ್ನಾನ, ಬಾಗಿಲಿಗೆ ಬೀಗ, ಗಾಡಿ ನಿಲ್ಲಿಸುವುದು, ರಾತ್ರಿ ಗ್ಯಾಸ್ ಆಫ್ ಮಾಡುವುದು. ಇವೇ ನಿಮ್ಮ ಗೂಟಗಳು. ‘ಬೆಳಗ್ಗೆ ಏಳಕ್ಕೆ ಧ್ಯಾನ’ ಎಂದು ಬರೆದರೆ ಏಳು ಗಂಟೆ ಯಾರಿಗೂ ಹೇಳದೆ ದಾಟಿಹೋಗುತ್ತದೆ. ‘ಫಿಲ್ಟರಿಗೆ ನೀರು ಹಾಕಿ ಮುಚ್ಚಿದ ತಕ್ಷಣ ಚಾಪೆಯ ಮೇಲೆ ಕೂರುತ್ತೇನೆ’ ಎಂದು ಬರೆದರೆ, ಕಾಫಿ ಕುಡಿಯುವ ಮನೆಯಲ್ಲಿ ಅದು ಮರೆತುಹೋಗುವ ಸಾಧ್ಯತೆ ಕಡಿಮೆ.

ಮೊದಲ ಮೂರು ವಾರ: ನಿದ್ದೆ

ನಿದ್ದೆಗೆಟ್ಟವನ ಧ್ಯಾನ ಎಂದರೆ ತೂಕಡಿಕೆ. ಆದ್ದರಿಂದ ಇಲ್ಲಿಂದಲೇ ಶುರು. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮಲಗುವ ಹೊತ್ತನ್ನು ಹಿಡಿಯಲು ಹೋಗಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ನಿದ್ದೆಯನ್ನು ಬಾ ಎಂದು ಕರೆಯಲಾಗುವುದಿಲ್ಲ, ಎಚ್ಚರವನ್ನು ಕರೆಯಬಹುದು.

ಏಳುವುದು ಆರಕ್ಕೆ ಎಂದು ತೀರ್ಮಾನಿಸಿದರೆ ದೀಪ ಆರಬೇಕಾದ್ದು 10.45ಕ್ಕೆ. ಈಗ ಏಳುವುದು 7.30ಕ್ಕಾದರೆ ಒಂದೇ ಸಲ ಆರಕ್ಕೆ ಹಾರಬೇಡಿ. ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ, 18 ದಿನದಲ್ಲಿ ಆರಕ್ಕೆ ಬರುತ್ತೀರಿ. ಶನಿವಾರ, ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಭಾನುವಾರ ಹತ್ತರವರೆಗೆ ಮಲಗಿದವರಿಗೆ ಅವತ್ತು ರಾತ್ರಿ ನಿದ್ದೆ ಬಾರದೆ, ಸೋಮವಾರ ತಲೆ ಭಾರವಾಗಿರುತ್ತದೆ. ಅದನ್ನು ಆಫೀಸಿನ ತಲೆಯ ಮೇಲೆ ಹಾಕುವುದು ಸುಲಭ.

ಎದ್ದ ಒಂದು ಗಂಟೆಯೊಳಗೆ 15-20 ನಿಮಿಷ ಬಯಲಿನ ಬೆಳಕು ಕಣ್ಣಿಗೆ ಬೀಳಲಿ. ಟೆರೇಸು, ಬಾಲ್ಕನಿ, ಹಾಲು ತರಲು ಹೋಗುವ ದಾರಿ, ಯಾವುದಾದರೂ ಸರಿ; ಸೂರ್ಯನನ್ನು ನೇರ ದಿಟ್ಟಿಸುವುದು ಮಾತ್ರ ಬೇಡ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಬೆಂಗಳೂರಿನಲ್ಲಿ ಜೂನ್ ಮೊದಲ ವಾರದಲ್ಲಿ ಸೂರ್ಯೋದಯ 5.50ರ ಸುಮಾರಿಗೆ, ಜನವರಿ ಕೊನೆಗೆ 6.45ರ ಸುಮಾರಿಗೆ. ಚಳಿಗಾಲದಲ್ಲಿ ಐದಕ್ಕೆ ಎದ್ದು ಕತ್ತಲಲ್ಲಿ ಕೂರುವ ಹಟ ಏತಕ್ಕೆಂದು ನಮಗಂತೂ ಅರ್ಥವಾಗಿಲ್ಲ.

ಕಾಫಿಯ ಲೆಕ್ಕವೂ ಇಲ್ಲೇ ಬರುತ್ತದೆ. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಸಂಜೆ 5.30ರ ಬೈಟು ಕಾಫಿಯ ಅರ್ಧ ಭಾಗ ರಾತ್ರಿ 10.30ಕ್ಕೂ ನಿಮ್ಮೊಂದಿಗೆ ಎಚ್ಚರವಾಗಿರುತ್ತದೆ. ಕೊನೆಯ ಕಾಫಿ ಎರಡು ಗಂಟೆಯೊಳಗೆ ಮುಗಿಯಲಿ. ಸಂಜೆ ಲೋಟ ಕೈಯಲ್ಲಿರಲೇಬೇಕು ಅನ್ನುವವರಿಗೆ ಮಜ್ಜಿಗೆಯೋ ಕಷಾಯವೋ ಇದೆ. ಊಟ ಒಂಬತ್ತೂವರೆಗೆ, ನಿದ್ದೆ ಹತ್ತೂವರೆಗೆ ಆದರೆ ಹುಳಿತೇಗು ಎಬ್ಬಿಸುತ್ತದೆ. ಊಟ ಬೇಗ ಮುಗಿಸಲಾಗದಿದ್ದರೆ ಸಂಜೆ ಆರೂವರೆಗೆ ಅವಲಕ್ಕಿಯನ್ನೋ ಎರಡು ಇಡ್ಲಿಯನ್ನೋ ತಿಂದು ರಾತ್ರಿಗೆ ಮಜ್ಜಿಗೆ ಅನ್ನಕ್ಕೆ ಇಳಿಸಿ.

ಅಮೆರಿಕದ ಕಾಲ್ ರಾತ್ರಿ ಹನ್ನೊಂದಕ್ಕೆ ಮುಗಿಯುವವರು ಆರಕ್ಕೆ ಏಳುವ ಗೋಜಿಗೇ ಹೋಗಬಾರದು. ಏಳುವುದನ್ನು 7.30ಕ್ಕೆ ಕಟ್ಟಿ, ಕಾಲ್ ಇಲ್ಲದ ದಿನವೂ ಅಷ್ಟಕ್ಕೇ ಏಳಿ. ಹಾಸಿಗೆಯಲ್ಲಿ 20 ನಿಮಿಷ ಹೊರಳಿದರೂ ನಿದ್ದೆ ಬಾರದಿದ್ದರೆ ಎದ್ದು ನಡುಮನೆಗೆ ಬನ್ನಿ, ಮಂಕು ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ವಾಪಸ್ ಹೋಗಿ. ಬಿದ್ದುಕೊಂಡೇ ಯೋಚಿಸುತ್ತಿದ್ದರೆ ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮನಸ್ಸು ಕಲಿತುಬಿಡುತ್ತದೆ.

ನಾಲ್ಕನೇ ವಾರದಿಂದ: ಅರವತ್ತು ಉಸಿರು

ಸ್ಟೀಲ್ ಫಿಲ್ಟರಿನ ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಕಡ್ಡಿಯಿರುವ ತೂತಿನ ಬಿಲ್ಲೆಯನ್ನು ಹಗುರವಾಗಿ ಒತ್ತಿ, ಕುದಿದು ಒಂದು ನಿಮಿಷ ತಣಿದ ನೀರನ್ನು ಸುತ್ತ ಹುಯ್ದು ಮುಚ್ಚಿದರೆ ಡಿಕಾಕ್ಷನ್ ಇಳಿಯಲು 10-15 ನಿಮಿಷ ಬೇಕು. ಆ ಹೊತ್ತಿನಲ್ಲಿ ಬೇರೆಯವರಿಗೆ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಸಾಮಾನ್ಯವಾಗಿ ಅದನ್ನು ಫೋನ್ ತಿನ್ನುತ್ತದೆ. ನಿಮ್ಮ ಬೈಠಕ್ಕು ಅಲ್ಲೇ.

ಬೆಡ್‌ಶೀಟೋ ಜಮಖಾನವೋ ನಾಲ್ಕು ಬೆರಳು ದಪ್ಪ ಮಡಿಸಿ, ಅದರ ಅಂಚಿನ ಮೇಲೆ ಕೂರಿ. ಸೊಂಟ ಮಂಡಿಗಿಂತ ಮೇಲಿರಬೇಕು. ಸಮನೆಲದಲ್ಲಿ ಕೂತರೆ ಬೆನ್ನು ಹಿಂದಕ್ಕೆ ಬಾಗಿ ಐದು ನಿಮಿಷಕ್ಕೇ ನೋವು. ಕಾಲು ಜೋಮು ಹಿಡಿಯುವುದು ನರದ ಮೇಲೆ ಭಾರ ಬಿದ್ದು, ಕಾಲು ಬದಲಿಸಿ ಸಾಕು. ಮಂಡಿ ನೋವಿರುವವರು ಕುರ್ಚಿಯಲ್ಲಿ, ಅಂಗಾಲು ಪೂರ್ತಿ ನೆಲಕ್ಕೆ ತಾಗುವಂತೆ ಕೂತರೂ ಫಲ ಒಂದೇ.

ಬಾಯಿ ಮುಚ್ಚಿ ಮೂಗಿನಿಂದ ಉಸಿರು. ಒಳಕ್ಕೆ 4 ಎಣಿಕೆ, ಹೊರಕ್ಕೆ 6 ಎಣಿಕೆ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ಒಂದು ಉಸಿರಿಗೆ 10 ಸೆಕೆಂಡು, ನಿಮಿಷಕ್ಕೆ 6 ಉಸಿರು. ಟೈಮರ್ ಬೇಡ, ಬಲಗೈ ಸಾಕು. ಜಪ ಎಣಿಸುವ ಹಾಗೆ, ಕಿರುಬೆರಳಿನ ಬುಡದ ಗೆಣ್ಣಿನಿಂದ ಶುರುಮಾಡಿ ಹೆಬ್ಬೆರಳನ್ನು ಒಂದೊಂದು ಉಸಿರಿಗೆ ಒಂದೊಂದು ಗೆಣ್ಣಿಗೆ ಸರಿಸಿ. ನಾಲ್ಕು ಬೆರಳಿಗೆ ಮೂರರಂತೆ 12 ಗೆಣ್ಣು; ಒಂದು ಸುತ್ತು ಮುಗಿದರೆ ಎಡಗೈಯ ಒಂದು ಬೆರಳು ಮಡಚಿ. ಐದೂ ಮಡಚಿದಾಗ 60 ಉಸಿರು, 10 ನಿಮಿಷ. ಕಣ್ಣು ಬಿಡುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.

ಆದರೆ ಮೊದಲ ವಾರ ಒಂದೇ ಸುತ್ತು, ಎರಡು ನಿಮಿಷ. ಚೆನ್ನಾಗಿದೆ ಅನ್ನಿಸಿದರೂ ಅಲ್ಲಿಗೇ ನಿಲ್ಲಿಸಿ. ವಾರಕ್ಕೊಂದು ಸುತ್ತು ಏರಿಸಿದರೆ ಐದನೇ ವಾರಕ್ಕೆ ಅರವತ್ತು ಮುಟ್ಟುತ್ತೀರಿ.

ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಕೊಂಚ ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಮಿದುಳಿಂದ ಹೃದಯಕ್ಕೆ ಬರುವ ವೇಗಸ್ ನರದ ಕೆಲಸ ಇದು. ಹೊರ ಉಸಿರನ್ನು ಉದ್ದ ಮಾಡುವುದು ಆ ಇಳಿತದ ಪಾಲು ಹೆಚ್ಚಲಿ ಎಂದು.

ಕೆಡುವುದು ಎಲ್ಲಿ? ಹೆಚ್ಚಿನವರು ‘ದೀರ್ಘ’ ಎಂದರೆ ‘ತುಂಬಾ’ ಎಂದುಕೊಂಡು ಎದೆ ಉಬ್ಬಿಸಿ ಗಾಳಿ ಎಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಉಸಿರು ನಿಧಾನವಾಗಿರಲಿ, ದೊಡ್ಡದಾಗಬೇಕಿಲ್ಲ. ಮೂಗಿನ ಕೆಳಗೆ ಇಟ್ಟ ಹತ್ತಿಯ ಎಳೆ ಹಾರಬಾರದು, ಅಷ್ಟು ಮೆಲ್ಲಗೆ. ಆರರವರೆಗೆ ಎಳೆಯಲು ಕಷ್ಟವಾದರೆ ಒಳಗೆ 3, ಹೊರಗೆ 4 ಸಾಕು. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಉಸಿರು ಕಟ್ಟಿ ಹಿಡಿಯಬಾರದು. ಕಣ್ಣು ಮುಚ್ಚಿದರೆ ದಿಗಿಲಾಗುತ್ತದೆ ಎನ್ನುವವರು ಕಣ್ಣು ತೆರೆದು ನಾಲ್ಕು ಅಡಿ ದೂರದ ನೆಲ ನೋಡಲಿ. ಆಗಲೂ ದಿಗಿಲು ಹೋಗದಿದ್ದರೆ ಕೂರುವುದನ್ನು ಬಿಟ್ಟು ನಡಿಗೆಗೆ ಹೋಗಿ. ಎಲ್ಲರಿಗೂ ಕೂರುವ ಅಭ್ಯಾಸ ಒಗ್ಗುವುದಿಲ್ಲ.

ಇನ್ನೊಂದು ದೂರು: ‘ಮನಸ್ಸು ನಿಲ್ಲೋದೇ ಇಲ್ಲ.’ ನಿಲ್ಲುವುದಿಲ್ಲ, ಸರಿ. ಮೂರನೇ ಗೆಣ್ಣಿನಲ್ಲಿದ್ದಾಗ ಟ್ಯಾಂಕರಿನವನಿಗೆ ಫೋನ್ ಮಾಡಬೇಕಿತ್ತಲ್ಲ ಅನ್ನಿಸುತ್ತದೆ. ಅನ್ನಿಸಿದ್ದು ತಿಳಿದ ಕ್ಷಣ ಹೆಬ್ಬೆರಳು ಎಲ್ಲಿದೆಯೋ ಅಲ್ಲಿಂದ ಮುಂದುವರಿಸಿ. ಎಣಿಕೆ ಪೂರ್ತಿ ತಪ್ಪಿದರೆ ಆ ಸುತ್ತನ್ನು ಕಿರುಬೆರಳಿಂದ ಮತ್ತೆ ಶುರುಮಾಡಿ. ಹತ್ತು ಸಲ ಹೋಗಿ ಹತ್ತು ಸಲ ವಾಪಸ್ ಬಂದದ್ದೇ ಅವತ್ತಿನ ವ್ಯಾಯಾಮ.

ಫೋನಿನ ಒಪ್ಪೊತ್ತು

ವಾರಕ್ಕೊಮ್ಮೆ ಒಪ್ಪೊತ್ತು ಮಾಡುವ ಹಿರಿಯರಿರುವ ಮನೆಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಭಾನುವಾರ ಬೆಳಗ್ಗೆ ಎದ್ದಾಗಿನಿಂದ ಮಧ್ಯಾಹ್ನದ ಊಟದವರೆಗೆ ಫೋನ್ ಬೀರುವಿನೊಳಗೆ. ಕರೆ ಬಂದರೆ ಮಾತ್ರ ಎತ್ತುವುದು.

ವಾರದ ದಿನಗಳಿಗೆ ನಾಲ್ಕು ಕೆಲಸ ಸಾಕು. ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಅಡುಗೆಮನೆಗೆ ಹಾಕಿ. ಎಬ್ಬಿಸಲು ಸೆಲ್ ಹಾಕುವ ಹಳೇ ಅಲಾರಂ ಗಡಿಯಾರ ತನ್ನಿ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ‘ಡು ನಾಟ್ ಡಿಸ್ಟರ್ಬ್’ ತಾನಾಗಿ ಶುರುವಾಗುವಂತೆ ಇಟ್ಟು, ಊರಿನ ಅಪ್ಪ-ಅಮ್ಮ ಮತ್ತು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ನಂಬರಿಗೆ ವಿನಾಯಿತಿ ಕೊಡಿ. ‘ರಾತ್ರಿ ಯಾರಿಗಾದರೂ ಏನಾದರೂ ಆದರೆ?’ ಎಂಬ ಭಯವೇ ಫೋನನ್ನು ದಿಂಬಿನಡಿ ಇಡಿಸುವುದು. ಅದಕ್ಕೂ ಉಪಾಯವಿದೆ: ಪದೇ ಪದೇ ಕರೆ ಮಾಡುವವರನ್ನು ಬಿಡುವ ಸೆಟ್ಟಿಂಗ್ ಆನ್ ಮಾಡಿದರೆ ಒಂದೇ ನಂಬರಿನಿಂದ ಬಂದ ಎರಡನೇ ಕರೆ ರಿಂಗ್ ಆಗುತ್ತದೆ, ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಬಂದರೆ. ಅಡುಗೆಮನೆಯಲ್ಲಿರುವ ಫೋನಿನ ದನಿ ಕೋಣೆಗೆ ಕೇಳುವಷ್ಟಿರಲಿ.

ನಾಲ್ಕನೆಯದು ವಾಟ್ಸಾಪ್ ಗುಂಪುಗಳು. ಬಳಗದ ಗುಂಪಿನ ಶುಭೋದಯದ ಹೂಗಳನ್ನೂ ಬಿಲ್ಡಿಂಗಿನ ಪಾರ್ಕಿಂಗ್ ಜಗಳವನ್ನೂ ಬಿಟ್ಟು ಹೊರಬರುವುದು ಆಗದ ಮಾತು, ಅತ್ತೆ ಕೇಳುತ್ತಾರೆ. ‘ಯಾವಾಗಲೂ ಮ್ಯೂಟ್’ ಮಾಡಿ ಆರ್ಕೈವ್‌ಗೆ ಹಾಕಿ, ಮಧ್ಯಾಹ್ನ ಊಟವಾದ ಮೇಲೊಮ್ಮೆ, ಸಂಜೆಯೊಮ್ಮೆ ತೆರೆಯಿರಿ. ಎಷ್ಟು ಪ್ರಯತ್ನಿಸಿದರೂ ಕೈ ತಡೆಯಲಾಗದೆ ಓದು, ಕೆಲಸ ಕೆಡುತ್ತಿದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ.

ರಸ್ತೆಯ ಮೇಲಿನ ಹೊತ್ತು

ಮೆಟ್ರೋದವರು ಅದೃಷ್ಟವಂತರು. ದಿನಕ್ಕೆ 10 ಪುಟ ಕನ್ನಡ ಪುಸ್ತಕ ಓದಿದರೆ ತಿಂಗಳಿಗೆ ಒಂದು ಕಾದಂಬರಿ. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸುವ ನೂಕುನುಗ್ಗಲಿನಲ್ಲಿ ಪುಸ್ತಕ ಚೀಲಕ್ಕೆ ಹೋಗಲಿ. ಕೊಳ್ಳಲೇಬೇಕೆಂದಿಲ್ಲ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯದಿಂದ ಹಿಡಿದು ಬಡಾವಣೆಯ ಗ್ರಂಥಾಲಯದವರೆಗೆ ದಾರಿಗಳಿವೆ. ಬಸ್ಸಿನಲ್ಲಿ ಓದಿದರೆ ವಾಕರಿಕೆ ಬರುವವರು ಕೇಳುವುದಕ್ಕೆ ಬದಲಾಗಲಿ.

ಬೈಕಿನವರಿಗೆ, ಕಾರಿನವರಿಗೆ ಕೆಲಸ ಬೇರೆ. ಸಿಗ್ನಲ್ ಕೆಂಪಾದಾಗ ಮೂರು ಕಡೆ ನೋಡಿಕೊಳ್ಳಿ: ದವಡೆ ಕಚ್ಚಿದೆಯೇ, ಭುಜ ಕಿವಿಯ ಹತ್ತಿರ ಏರಿದೆಯೇ, ಹ್ಯಾಂಡಲನ್ನೋ ಸ್ಟೀರಿಂಗನ್ನೋ ಬಿಗಿಯಾಗಿ ಹಿಡಿದಿದ್ದೀರೇ. ಮೂರನ್ನೂ ಸಡಿಲಿಸಿ ಮಾಮೂಲಿಯಾಗಿ ಉಸಿರಾಡಿ, ಅಷ್ಟೇ. ಗಾಡಿ ಓಡಿಸುತ್ತಾ ಉಸಿರು ಎಣಿಸುವುದು, ಕಣ್ಣು ಮುಚ್ಚುವುದು ಬೇಡವೇ ಬೇಡ. ಕ್ಯಾಬಿನಲ್ಲಿ ಹಿಂದೆ ಕೂತವರು ಮ್ಯಾಪಿನ ಕೆಂಪು ಗೆರೆಯನ್ನು ನಿಮಿಷಕ್ಕೊಮ್ಮೆ ನೋಡುವುದನ್ನು ಬಿಡಲಿ. ನೀವು ನೋಡಿದ್ದಕ್ಕೆ ಹೆಬ್ಬಾಳದ ಫ್ಲೈಓವರ್ ಖಾಲಿಯಾಗುವುದಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯ ಎರಡು ನಿಮಿಷ. ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೆ ಅಲ್ಲೇ ಒಂದು ಸುತ್ತು, 12 ಉಸಿರು. ಮನೆಯೊಳಗೆ ಬಂದೊಡನೆ ಯಾರನ್ನೂ ಏನೂ ಕೇಳದೆ ಕೈಕಾಲು ತೊಳೆಯಿರಿ. ಹೊರಗಿನದನ್ನು ಹೊರಗೇ ಬಿಡುವ ಈ ಹಳೇ ಪದ್ಧತಿಗಿಂತ ಒಳ್ಳೆಯದನ್ನು ಯಾವ ಆ್ಯಪೂ ಇನ್ನೂ ತಂದಿಲ್ಲ. ‘ಗ್ಯಾಸ್ ಬುಕ್ ಮಾಡಿದ್ಯಾ?’ ಎಂಬ ಪ್ರಶ್ನೆ ಹೊಸ್ತಿಲಲ್ಲಿ ಕೇಳಿದರೆ ಜಗಳ, ಕಾಲು ತೊಳೆದು ಬಂದು ಕೇಳಿದರೆ ಬರೀ ಪ್ರಶ್ನೆ.

ನಡಿಗೆ, ಒಂದು ಮರ

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ವೇಗದ ಅಳತೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. 240 ಎಕರೆಯ ಲಾಲ್‌ಬಾಗೇ ಆಗಬೇಕೆಂದಿಲ್ಲ, ಬೀದಿಯ ಪಾರ್ಕಿನ ಎಂಟು ಸುತ್ತು ನಡೆಯುತ್ತದೆ. ಮಳೆ ಬಂದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಮೊದಲ ಹತ್ತು ನಿಮಿಷ ಕಿವಿಯಲ್ಲಿ ಏನೂ ಬೇಡ.

ದಾರಿಯಲ್ಲಿ ಒಂದು ಮರವನ್ನು ಆರಿಸಿಕೊಂಡು ವರ್ಷವಿಡೀ ಅದನ್ನು ನೋಡಿ. ಹೊಂಗೆಯಾದರೆ ಒಳ್ಳೆಯದು: ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂಥ ತಿಳಿಹಸಿರು ಚಿಗುರಿಗೆ ಬಂದು, ಬುಡದಲ್ಲಿ ಹೂವಿನ ಹಾಸು ಚೆಲ್ಲುತ್ತದೆ. ನಿಂತು ನೋಡಲು ಅರ್ಧ ನಿಮಿಷ ಸಾಕು.

ರಾತ್ರಿ ಗ್ಯಾಸ್ ಆಫ್ ಮಾಡಿದ ಮೇಲೆ ಐದು ಸಾಲು

ಇದು ಕೊನೆಯ ಅಭ್ಯಾಸ. ಮೇಲಿನವು ಕೂತ ಮೇಲೇ ಶುರುಮಾಡಿ. ಒಂದು ನೋಟ್‌ಬುಕ್, ಒಂದು ಪೆನ್ನು, ಅಡುಗೆಮನೆಯ ಶೆಲ್ಫ್. ಮೊದಲ ಸಾಲು ಇವತ್ತು ಮನಸ್ಸು ಕದಡಿದ ಒಂದು ಘಟನೆ, ಎರಡನೆಯದು ಆಗ ಮೈಯಲ್ಲಿ ಆದದ್ದು, ಮೂರನೆಯದು ನೀವು ಆಡಿದ ಮಾತು, ನಾಲ್ಕನೆಯದು ಸರಿಹೋದ ಒಂದು ಸಂಗತಿ, ಐದನೆಯದು ನಾಳೆ ಮೊದಲು ಮಾಡುವ ಕೆಲಸ.

ಮೊದಲ ಸಾಲಿನಲ್ಲೇ ಬಹಳ ಜನ ಎಡವುತ್ತಾರೆ. ‘ಮ್ಯಾನೇಜರ್ ಎಲ್ಲರ ಮುಂದೆ ಅವಮಾನ ಮಾಡಿದರು’ ಎನ್ನುವುದು ಘಟನೆಯಲ್ಲ, ತೀರ್ಪು. ‘ನಾನು ಎರಡನೇ ಸ್ಲೈಡಿನಲ್ಲಿದ್ದಾಗ ಮ್ಯಾನೇಜರ್, ಇದು ಆಮೇಲೆ ನೋಡೋಣ ಅಂದರು. ಆರು ಜನ ಇದ್ದರು’ ಎನ್ನುವುದು ಘಟನೆ. ಕ್ಯಾಮೆರಾಗೆ ಕಾಣುವಷ್ಟನ್ನೇ ಬರೆಯುವುದು ನಿಯಮ. ಒಂದು ತಿಂಗಳ ಹಾಳೆಗಳನ್ನು ಒಟ್ಟಿಗೆ ಓದಿದರೆ ಎರಡನೇ ಸಾಲು ಬಾಯಿಬಿಡುತ್ತದೆ: ಹಸಿದ ಸಂಜೆಗಳ ಸಿಟ್ಟೆಷ್ಟು, ನಿದ್ದೆಗೆಟ್ಟ ಮರುದಿನದ ಜಗಳವೆಷ್ಟು.

ಸಾವು, ಕೆಲಸ ಹೋಗುವುದು, ಸಂಬಂಧ ಮುರಿಯುವುದು, ಇಂಥ ಭಾರಕ್ಕೆ ಐದು ಸಾಲು ಸಾಲದು. ಆಗ ಮೂರು-ನಾಲ್ಕು ದಿನ ಸತತವಾಗಿ 15-20 ನಿಮಿಷ, ಕಾಗುಣಿತ ನೋಡದೆ, ಯಾರಿಗೂ ತೋರಿಸದೆ ಬರೆಯುವ ಕ್ರಮವಿದೆ; ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ, ಹಾಗಾಗಿ ಮಲಗುವ ಮುಂಚೆ ಬೇಡ. ತಡೆಯಲಾಗದಿದ್ದರೆ ನಿಲ್ಲಿಸಿಬಿಡಿ.

ತಪ್ಪಿದ ದಿನ, ಆಗದ ದಿನ

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಮಾಡಿದ ದಿನಕ್ಕೆ ಒಂದು ಗೀಟು ಹಾಕಿ. ಮೇಲೆ ಹೇಳಿದ 2009ರ ಅಧ್ಯಯನದಲ್ಲೂ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ಕೆಡಿಸುವುದು ‘ಹೇಗೂ ತಪ್ಪಿತು, ಸೋಮವಾರದಿಂದ ನೋಡೋಣ’ ಎಂಬ ಮಾತು. ಪ್ರತಿ ಅಭ್ಯಾಸಕ್ಕೂ ಒಂದು ಚೂರು ರೂಪ ಇಟ್ಟುಕೊಳ್ಳಿ: ಅರವತ್ತರ ಬದಲು ಹನ್ನೆರಡು ಉಸಿರು, ಅರ್ಧ ಗಂಟೆಯ ಬದಲು ಬೀದಿಯ ಕೊನೆಯವರೆಗೆ, ಐದು ಸಾಲಿನ ಬದಲು ಒಂದು. ಜ್ವರದ ದಿನ, ನೆಂಟರು ತುಂಬಿದ ದಿನ ಅಷ್ಟಕ್ಕೂ ಗೀಟು ಪೂರ್ತಿ.

ಮನೆಯವರು ‘ಏನು ಸ್ವಾಮೀಜಿ ಆಗ್ತೀಯಾ?’ ಎಂದು ಛೇಡಿಸುವುದು ಮಾಮೂಲು. ಉಪದೇಶ ಮಾಡದೆ, ಅವರ ಕಾಫಿಯನ್ನೂ ನೀವೇ ಬೆರೆಸಿ ಕೊಟ್ಟರೆ ಹದಿನೈದು ದಿನದಲ್ಲಿ ತಣ್ಣಗಾಗುತ್ತದೆ.

ಎರಡು ವಾರ ಕಳೆದರೂ ಬೇಸರ ಬಿಡದೆ, ಇಷ್ಟದ ಕೆಲಸವೂ ಸಪ್ಪೆಯಾಗಿ, ನಿದ್ದೆ-ಹಸಿವು ಕೆಟ್ಟಿದ್ದರೆ ಅದು ಅಭ್ಯಾಸದಿಂದ ಹೋಗುವಂಥದ್ದಲ್ಲ, ವೈದ್ಯರ ಬಳಿ ಹೋಗಬೇಕು. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯುವುದಿರಲಿ, ಎರಡು ಗಂಟೆಯೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ.

ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಗೂಟಗಳೆಲ್ಲ ಕಿತ್ತುಹೋಗುತ್ತವೆ. ಏಳುವ ಹೊತ್ತೊಂದನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಚೂರು ರೂಪಕ್ಕೆ ಇಳಿಸಿ. ವಾಪಸ್ ಬಂದ ಬೆಳಗ್ಗೆ ಅರವತ್ತು ಉಸಿರು ಮುಗಿದರೂ ಡಿಕಾಕ್ಷನ್ ಇಳಿಯದೆ ಮೇಲಿನ ಬಟ್ಟಲಲ್ಲೇ ನಿಂತಿದ್ದರೆ ಕಾರಣ ಮೂರು: ಬಿಲ್ಲೆ ಬಿಗಿಯಾಗಿ ಒತ್ತಿದ್ದೀರಿ, ಪುಡಿಯಲ್ಲಿ ಚಿಕೋರಿ ಹೆಚ್ಚಿದೆ, ಇಲ್ಲವೇ ವಾರಗಟ್ಟಲೆ ಒಣಗಿ ತೂತು ಕಟ್ಟಿಕೊಂಡಿದೆ. ಮೂರನೆಯದಾದರೆ ಸ್ಟೀಲಿನ ಮೇಲಿನ ಬಟ್ಟಲನ್ನು ಖಾಲಿ ಮಾಡಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಅರ್ಧ ನಿಮಿಷ ಕಾಯಿಸಿ. ಸುಟ್ಟ ಪುಡಿ ಉದುರುತ್ತದೆ. ಆರಿದ ಮೇಲೆ ತೊಳೆದು ಬೆಳಕಿಗೆ ಹಿಡಿದು ನೋಡಿ, ತೂತುಗಳೆಲ್ಲ ಕಾಣಬೇಕು.